ಹಳೇ ಸ್ಪೋರ್ಟ್ಸ್ ಕಾರು ಹೀಟ್ ಆಗುತ್ತಿದೆಯಾ? ಮೊದಲು ‘ಯಾವಾಗ’ ಅಂತ ನೋಡಿ

ಗಾಡಿ ಹೀಟ್ ಆಗುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು. ಯಾವಾಗ? ಸಿಗ್ನಲ್‌ನಲ್ಲಿ ನಿಂತಾಗಲಾ, ಹೈವೇಯಲ್ಲಿ ನೂರರಲ್ಲಿ ಹೋಗುವಾಗಲಾ, ಬೆಟ್ಟ ಹತ್ತುವಾಗಲಾ, ಇಲ್ಲಾ ಬೆಳಗ್ಗೆ ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಕೇಳದೆ ಮೊದಲು ರೇಡಿಯೇಟರ್ ಬದಲಾಯಿಸಿ, ಆಮೇಲೆ ವಾಟರ್ ಪಂಪ್ ಬದಲಾಯಿಸಿ, ಆಮೇಲೆ ಫ್ಯಾನ್ ಬದಲಾಯಿಸಿ, ಕೊನೆಗೆ ರೇಡಿಯೇಟರಿನ ಮುಚ್ಚಳ, ಅಂದರೆ ಕ್ಯಾಪ್ ಒಂದೇ ಹಾಳಾಗಿತ್ತು ಅಂತ ಗೊತ್ತಾದವರನ್ನು ನಾನು ನೋಡಿದ್ದೇನೆ.

ನನ್ನದು ತೊಂಬತ್ತರ ದಶಕದ ಎರಡು ಸೀಟಿನ ಗಾಡಿ. 1.6 ಲೀಟರ್ ಪೆಟ್ರೋಲ್, ಅಲ್ಯೂಮಿನಿಯಂ ಹೆಡ್ (ಇಂಜಿನ್ ಬ್ಲಾಕ್ ಮೇಲೆ ಕೂರುವ ಭಾಗ), ಮೂತಿ ನೆಲಕ್ಕೆ ತಾಗುವಷ್ಟು ಕೆಳಗೆ. ಮನೆ ಚಿಕ್ಕಬಳ್ಳಾಪುರ. ಕೊಂಡ ಮೊದಲ ಎರಡು ವರ್ಷ ರೇಡಿಯೇಟರ್‌ಗೆ ಮನೆಯ ಬೋರ್ ನೀರನ್ನೇ ಹಾಕಿದೆ. ಸುತ್ತಮುತ್ತ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೂರನೇ ಬೇಸಿಗೆಯಲ್ಲಿ ಒಂದು ಭಾನುವಾರ, ನಂದಿ ಬೆಟ್ಟದ ತಿರುವಿನಲ್ಲಿ ಮುಂದೆ ಸಾಲಾಗಿ ಗಾಡಿಗಳು ನಿಂತಿದ್ದಾಗ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಮೇಲಕ್ಕೆ ಇನ್ನು ಸ್ವಲ್ಪವೇ ಇದೆ ಅಂತ ಮತ್ತೊಂದು ಕಿಲೋಮೀಟರ್ ಓಡಿಸಿದೆ. ಆ ಒಂದು ಕಿಲೋಮೀಟರ್‌ಗೆ ಹೆಡ್ ಬಾಗಿತು, ಹೆಡ್‌ಗೂ ಬ್ಲಾಕ್‌ಗೂ ನಡುವಿನ ಗ್ಯಾಸ್ಕೆಟ್ ಸುಟ್ಟಿತು, ಗಾಡಿ ಎರಡು ತಿಂಗಳು ಶೆಡ್‌ನಲ್ಲಿ ನಿಂತಿತು. ಅವತ್ತಿನಿಂದ ಈ ವಿಷಯವನ್ನು ನಾನು ಬಿಟ್ಟಿಲ್ಲ. ಕೆಳಗೆ ಬರೆದಿರುವುದೆಲ್ಲ ಸ್ಪ್ಯಾನರ್ ಹಿಡಿದು ಕಲಿತದ್ದು.

ಕುಕ್ಕರ್ ಲೆಕ್ಕ

ಕಾರಿನ ಕೂಲಿಂಗ್ ಅಂದರೆ ಮನೆಯ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಅಲ್ವಾ. ಮೇಲೆ ಹೋದಂತೆ ಹೆಚ್ಚುಕಡಿಮೆ 300 ಮೀಟರ್‌ಗೆ ಒಂದು ಡಿಗ್ರಿ ಕಮ್ಮಿ ಆಗುತ್ತದೆ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ನಂದಿ ಬೆಟ್ಟದ ತುದಿ 1,478 ಮೀಟರ್. ಅಲ್ಲಿ 95ಕ್ಕೇ ಕುದಿ.

ಈಗ ಇಂಜಿನ್ ಕಡೆ ನೋಡಿ. ಅದು ಆರೋಗ್ಯವಾಗಿ ಓಡುವುದೇ 88ರಿಂದ 95 ಡಿಗ್ರಿಯಲ್ಲಿ. ಅಂದರೆ ಪ್ರೆಶರ್ ಇಲ್ಲದೆ ಬರೀ ನೀರು ತುಂಬಿಕೊಂಡು ಬೆಟ್ಟ ಹತ್ತಿದರೆ, ಇಂಜಿನ್‌ನಲ್ಲಿ ಯಾವ ದೋಷವೂ ಇಲ್ಲದಿದ್ದರೂ ಮೇಲೆ ಹೋಗುವಷ್ಟರಲ್ಲಿ ನೀರು ಕುದಿಯುವ ಗಡಿಗೆ ಬಂದಿರುತ್ತದೆ. ಇದನ್ನು ತಡೆಯುವುದು ರೇಡಿಯೇಟರ್ ಕ್ಯಾಪ್. ಕುಕ್ಕರಿನ ವೆಯ್ಟ್ ಹೇಗೋ ಇದೂ ಹಾಗೆ. ಒಳಗೆ ಚದರ ಇಂಚಿಗೆ 13ರಿಂದ 16 ಪೌಂಡ್ ಒತ್ತಡ ಹಿಡಿದಿಡುತ್ತದೆ. ಒಂದೊಂದು ಪೌಂಡ್‌ಗೆ ಕುದಿಯುವ ಬಿಂದು ಒಂದೂವರೆ ಡಿಗ್ರಿಯಷ್ಟು ಮೇಲಕ್ಕೆ ಹೋಗುತ್ತದೆ. ಕ್ಯಾಪ್ ಚೆನ್ನಾಗಿದ್ದರೆ ನಂದಿ ತುದಿಯಲ್ಲೂ 115ರ ಆಸುಪಾಸಿನವರೆಗೆ ನೀರು ಕುದಿಯುವುದಿಲ್ಲ. ನೀರಿಗೆ ಬೆರೆಸುವ ಬಣ್ಣದ ದ್ರವ, ಕೂಲೆಂಟ್, ಅರ್ಧಕ್ಕರ್ಧ ಇದ್ದರೆ ಅದಕ್ಕೂ ಮೇಲೆ.

ಹಾಗಾಗಿ ಯಾವ ಪಾರ್ಟ್‌ಗೂ ದುಡ್ಡು ಹಾಕುವ ಮುಂಚೆ ಕ್ಯಾಪ್ ನೋಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ತೆಗೆಯಿರಿ. ಕೆಳಗಿನ ರಬ್ಬರ್ ಗಟ್ಟಿಯಾಗಿದೆಯಾ, ಬಿರುಕು ಬಿಟ್ಟಿದೆಯಾ, ಸುತ್ತ ಬಳೆಯ ಹಾಗೆ ಅಚ್ಚು ಬಿದ್ದಿದೆಯಾ ನೋಡಿ. ನಡುವೆ ಒಂದು ಪುಟ್ಟ ವಾಲ್ವ್ ಇರುತ್ತದೆ, ಬಿಸಿಯಲ್ಲಿ ಉಕ್ಕಿದ ಕೂಲೆಂಟ್ ಪಕ್ಕದ ಬಾಟಲಿಗೆ ಹೋಗಿರುತ್ತದೆ, ಗಾಡಿ ತಣ್ಣಗಾದಾಗ ಅದನ್ನು ವಾಪಸ್ ಒಳಗೆ ಬಿಡುವುದು ಅದೇ. ಅದು ಸುಲಭವಾಗಿ ಎದ್ದು ಕೂರಬೇಕು. ಬೆಳಗ್ಗೆ ಬಾನೆಟ್ ತೆಗೆದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಆ ವಾಲ್ವ್ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಹೊಸದು ತರುವಾಗ ಹಳೇ ಕ್ಯಾಪಿನ ಮೇಲಿರುವ ನಂಬರನ್ನೇ ತನ್ನಿ. ಜಾಸ್ತಿ ಪೌಂಡಿನದು ಹಾಕಿದರೆ ಇನ್ನೂ ಒಳ್ಳೇದು ಅನ್ನುವವರಿದ್ದಾರೆ, ಕೇಳಬೇಡಿ. ಮೂವತ್ತು ವರ್ಷ ಹಳೆಯ ಹೋಸ್‌ಗಳು ಆ ಒತ್ತಡ ತಡೆಯುವುದಿಲ್ಲ.

ಬೋರ್ ನೀರು

ನಮ್ಮ ಜಿಲ್ಲೆಯಲ್ಲಿ, ಪಕ್ಕದ ಕೋಲಾರದಲ್ಲಿ, ಹಳೇ ಗಾಡಿಗಳನ್ನು ಕೊಲ್ಲುವುದು ಬಿಸಿಲಲ್ಲ, ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ನೀರು. ಅದರಲ್ಲಿ ಫ್ಲೋರೈಡ್ ಇದೆ ಅಂತ ಎಲ್ಲರಿಗೂ ಗೊತ್ತು, ಕುಡಿಯಲು ಊರೂರಿಗೆ ಶುದ್ಧ ನೀರಿನ ಘಟಕ ಬಂದಿರುವುದೂ ಅದಕ್ಕೇ. ಆದರೆ ರೇಡಿಯೇಟರ್‌ಗೆ ಶತ್ರು ಅದರಲ್ಲಿರುವ ಸುಣ್ಣದಂಶ. ನಿಮ್ಮ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿ ನೋಡಿ, ಗೀಸರ್ ಕಾಯಿಲ್ ಬಿಚ್ಚಿಸಿ ನೋಡಿ, ಬಿಳಿ ಕಲ್ಲಿನ ಹಾಗೆ ಕಟ್ಟಿರುತ್ತದೆ. ಅದೇ ಪೊರೆ ರೇಡಿಯೇಟರಿನ ಸಣ್ಣ ಟ್ಯೂಬುಗಳ ಒಳಗೂ, ಹೆಡ್‌ನ ನೀರಿನ ದಾರಿಗಳ ಒಳಗೂ ಕಟ್ಟುತ್ತದೆ. ನೀರು ಬಿಸಿಯಾದಷ್ಟೂ ಅದು ಬೇಗ ಕಟ್ಟುವುದರಿಂದ, ಎಲ್ಲಿ ಅತಿ ಹೆಚ್ಚು ತಣಿಸಬೇಕೋ ಅಲ್ಲೇ, ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ, ಮೊದಲು ಕಟ್ಟುತ್ತದೆ. ಪೊರೆ ಶಾಖವನ್ನು ದಾಟಿಸುವುದಿಲ್ಲ. ನನ್ನ ಹೆಡ್ ಬಿಚ್ಚಿದಾಗ ಒಂದು ದಾರಿ ಬೆರಳಿನ ಬದಲು ಕಡ್ಡಿ ತೂರುವಷ್ಟು ಕಿರಿದಾಗಿತ್ತು. ಅದನ್ನು ನೋಡಿ ನಿಜವಾಗಲೂ ಸಂಕಟವಾಯಿತು, ಎರಡು ವರ್ಷ ಪ್ರತಿ ವಾರ ನಾನೇ ಮಗ್‌ನಲ್ಲಿ ತುಂಬಿದ್ದು.

ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಗುತ್ತದೆ. ಘಟಕದ ಕುಡಿಯುವ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ, ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ನಡೆಯುತ್ತದೆ, ಆದರೆ ಮಾಮೂಲಿ ಮಾಡಿಕೊಳ್ಳಬೇಡಿ. ಬರೀ ನೀರೂ ಸಾಲದು, ಕೂಲೆಂಟ್ ಬೇಕೇ ಬೇಕು. ನಮ್ಮಲ್ಲೇನು ಹಿಮ ಬೀಳುತ್ತದಾ ಅಂತ ಕೇಳುತ್ತಾರೆ. ಹಿಮಕ್ಕಲ್ಲ, ತುಕ್ಕಿಗೆ. ಅಲ್ಯೂಮಿನಿಯಂ ಹೆಡ್, ಕಬ್ಬಿಣದ ಬ್ಲಾಕ್, ಹಿತ್ತಾಳೆ ರೇಡಿಯೇಟರ್ ಇವು ಮೂರೂ ಒಂದೇ ನೀರಿನಲ್ಲಿ ನಿಂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕೂಲೆಂಟ್‌ನಲ್ಲಿರುವ ರಾಸಾಯನಿಕ ಅದನ್ನು ತಡೆಯುತ್ತದೆ, ವಾಟರ್ ಪಂಪಿನ ಸೀಲನ್ನೂ ಕಾಯುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿ. ಹಳೇ ಮಾದರಿಯ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಇಳಿಸಿ ಹೊಸದು ತುಂಬಿ. ಎರಡು ಜಾತಿಯ ಕೂಲೆಂಟ್ ಬೆರೆಸಬೇಡಿ, ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಅಲ್ಲ. ಕೆಲವು ಬೆರೆತರೆ ಗಂಜಿಯ ಹಾಗೆ ಆಗುತ್ತವೆ.

ಯಾವಾಗ ಹೀಟ್ ಆಗುತ್ತದೆ?

ನಿಂತಾಗ ಮುಳ್ಳು ಏರಿ, ಓಡಲು ಶುರು ಮಾಡಿದ ತಕ್ಷಣ ಇಳಿದರೆ ಗಾಳಿಯ ತೊಂದರೆ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ನಮ್ಮೂರ ಬಿ.ಬಿ. ರೋಡಿನ ಟ್ರಾಫಿಕ್‌ನಲ್ಲಿ ಏರಿ, ಹೈವೇಗೆ ಹೋದ ಮೇಲೆ ಸರಿಯಾದರೆ ನೇರ ಫ್ಯಾನ್ ಹತ್ತಿರ ಹೋಗಿ.

ಇದಕ್ಕೆ ಉಲ್ಟಾ ಆದರೆ, ಊರೊಳಗೆ ಸರಿ ಇದ್ದು ಬಾಗೇಪಲ್ಲಿ ಕಡೆ ನೂರರಲ್ಲಿ ಹತ್ತು ನಿಮಿಷ ಹೋದಾಗ ಏರಿದರೆ, ಅದು ನೀರು ಹರಿಯುವ ತೊಂದರೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್ ಮೂಲಕ ಹರಿಯಲು ಬಿಡುವ ವಾಲ್ವ್, ಅರ್ಧವೇ ತೆರೆಯುತ್ತಿರಬಹುದು. ಇನ್ನೊಂದು ಇದೆ, ಅದನ್ನು ಯಾರೂ ನೋಡುವುದಿಲ್ಲ. ರೇಡಿಯೇಟರಿನ ಕೆಳಗಿನ ಹೋಸ್. ಪಂಪ್ ಆ ಕಡೆಯಿಂದ ನೀರನ್ನು ಎಳೆಯುತ್ತದೆ. ಹೋಸ್ ಹಳೆಯದಾಗಿ ಮೆತ್ತಗಾಗಿದ್ದರೆ, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ, ಜಾಸ್ತಿ ಆರ್‌ಪಿಎಂನಲ್ಲಿ ಅದು ಒಳಗೆ ಎಳೆದುಕೊಂಡು ಚಪ್ಪಟೆಯಾಗುತ್ತದೆ. ಗಾಡಿ ನಿಲ್ಲಿಸಿ ಬಾನೆಟ್ ತೆಗೆಯುವಷ್ಟರಲ್ಲಿ ಮತ್ತೆ ದುಂಡಗಾಗಿರುತ್ತದೆ. ಸ್ನೇಹಿತರೊಬ್ಬರು ಒಳಗೆ ಕೂತು ಮೂರು ಸಾವಿರ ಆರ್‌ಪಿಎಂ ಹಿಡಿದಿರಲಿ, ನೀವು ಟಾರ್ಚ್ ಹಾಕಿ ದೂರದಿಂದ ನೋಡಿ.

ಬೆಟ್ಟದಲ್ಲಿ ಮಾತ್ರ ಹೀಟ್ ಆದರೆ ಎಲ್ಲವೂ ಸ್ವಲ್ಪ ಸ್ವಲ್ಪ ಸೋತಿದೆ ಅಂತ. ಬೆಟ್ಟದಲ್ಲಿ ಲೋಡ್ ಜಾಸ್ತಿ, ವೇಗ ಕಮ್ಮಿ, ಗಾಳಿ ತೆಳು, ಮೇಲೆ ಬಿಸಿಲು. ಅರ್ಧ ಕಟ್ಟಿದ ರೇಡಿಯೇಟರ್ ಊರೊಳಗೆ ಹೇಗೋ ನಿಭಾಯಿಸುತ್ತದೆ, ಅಲ್ಲಿ ಆಗುವುದಿಲ್ಲ.

ತಣ್ಣಗಿನ ಇಂಜಿನ್ ಐದೇ ನಿಮಿಷಕ್ಕೆ ಹೀಟ್ ಆದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲಾ ಒಳಗೆ ಗಾಳಿ ಸಿಕ್ಕಿಕೊಂಡು ನೀರನ್ನು ತಡೆದಿದೆ (ಏರ್ ಲಾಕ್), ಇಲ್ಲಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಮುಳ್ಳು ಮೇಲೆ ಕೆಳಗೆ ಕುಣಿದರೆ ನೀರು ಕಮ್ಮಿಯಾಗಿ ಸೆನ್ಸರ್ ಹತ್ತಿರ ಗುಳ್ಳೆ ಬರುತ್ತಿದೆ, ಅಥವಾ ಅರ್ಥಿಂಗ್ ವೈರ್ ಸಡಿಲ ಇದೆ.

ಒಂದು ಮಾತನ್ನು ದಯವಿಟ್ಟು ನೆನಪಿಡಿ. ಏರಿದ್ದ ಮುಳ್ಳು ಇದ್ದಕ್ಕಿದ್ದ ಹಾಗೆ ಸೊನ್ನೆ ಕಡೆಗೆ ಬಿದ್ದರೆ ಖುಷಿ ಪಡಬೇಡಿ. ನೀರೆಲ್ಲ ಹೊರಗೆ ಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಾಗಲೂ ಮುಳ್ಳು ಹಾಗೇ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಓಡಿಸಿದ ಗಾಡಿ ಮತ್ತೆ ಏಳುವುದು ಕಷ್ಟ.

ಹಳೇ ಮುಳ್ಳನ್ನು ಪೂರ್ತಿ ನಂಬಲೂ ಆಗುವುದಿಲ್ಲ. ಲೇಸರ್ ಚುಕ್ಕೆ ಬೀಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದು ಕೊಳ್ಳಿ. ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದಲ್ಲ, ಅದು ಜ್ವರ ನೋಡುವಷ್ಟೇ ಅಳೆಯುತ್ತದೆ. 300 ಡಿಗ್ರಿಯವರೆಗೆ ಓದುವಂಥದ್ದು ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ತಪ್ಪು ಲೆಕ್ಕ ಕೊಡುತ್ತದೆ. ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಫ್ಯಾನ್

ಇಂಜಿನ್ ಬಿಸಿ ಮಾಡಿ, ಎಸಿ ಆಫ್ ಇಟ್ಟು, ನಿಂತಲ್ಲೇ ಓಡಲು ಬಿಡಿ. 95ರ ಆಚೀಚೆ ಫ್ಯಾನ್ ತಾನಾಗಿ ಶುರುವಾಗಬೇಕು, ಎರಡು ಮೂರು ನಿಮಿಷಕ್ಕೆ ಮುಳ್ಳು ಇಳಿಸಿ ನಿಲ್ಲಬೇಕು. ಶುರುವಾಗಲಿಲ್ಲ ಅಂದರೆ ಫ್ಯೂಸ್, ರಿಲೇ, ಆಮೇಲೆ ರೇಡಿಯೇಟರ್ ಅಥವಾ ಹೆಡ್ ಹತ್ತಿರದ ಫ್ಯಾನ್ ಸ್ವಿಚ್. ಎರಡು ವೈರಿನ ಸ್ವಿಚ್ ಆದರೆ ಕನೆಕ್ಟರ್ ಕಿತ್ತು ಎರಡನ್ನೂ ಒಂದು ತುಂಡು ವೈರ್‌ನಿಂದ ಸೇರಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಹಾಳು, ತಿರುಗದಿದ್ದರೆ ಮೋಟರ್ ಅಥವಾ ವೈರಿಂಗ್. ಕೈ ಮಾತ್ರ ಫ್ಯಾನಿನ ಹತ್ತಿರ ಇಡಬೇಡಿ, ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಅದು ಶುರುವಾಗುತ್ತದೆ.

ತಿರುಗುತ್ತದೆ ಅಂದ ಮಾತ್ರಕ್ಕೆ ಸರಿ ಇದೆ ಅಂತಲೂ ಅಲ್ಲ. ಹಳೇ ಮೋಟರಿನ ಬ್ರಷ್ ಸವೆದು ಸೋಮಾರಿಯಾಗಿ ತಿರುಗುತ್ತಿರುತ್ತದೆ. ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿಯಿರಿ, ಫ್ಯಾನ್ ಅದನ್ನು ಜಾಲರಿಗೆ ಎಳೆದು ಅಂಟಿಸಿಕೊಳ್ಳಬೇಕು. ಹಾಳೆ ಜಾರಿ ಬಿದ್ದರೆ ಮೋಟರ್ ಬದಲಾಯಿಸಿ. ಎಳೆಯುವ ಬದಲು ಮುಂದಕ್ಕೆ ತಳ್ಳಿದರೆ ಯಾರೋ ವೈರ್ ಉಲ್ಟಾ ಕೊಟ್ಟಿದ್ದಾರೆ, ಇದನ್ನೂ ನೋಡಿದ್ದೇನೆ. ಬೆಲ್ಟ್‌ನಿಂದ ತಿರುಗುವ ವಿಸ್ಕಸ್ ಫ್ಯಾನ್ ಇದ್ದರೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಕೈಯಲ್ಲಿ ತಿರುಗಿಸಿ. ಬಿಗಿಯಾಗಿರಬೇಕು. ಬುಗುರಿಯ ಹಾಗೆ ತಿರುಗಿದರೆ ಕಪ್ಲಿಂಗ್ ಹೋಗಿದೆ.

ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಚಿಪ್ಪನ್ನು, ಶ್ರೌಡ್ ಅನ್ನುತ್ತಾರೆ, ಕೆಲಸಕ್ಕೆ ಅಡ್ಡ ಅಂತ ಬಿಚ್ಚಿ ಎಸೆದಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಬಿಸಿಯಾಗೇ ಉಳಿಯುತ್ತವೆ. ಹಾಗೇ ಗಾಡಿಯ ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಹಲಗೆ. ಮೂತಿ ತಗ್ಗಿರುವ ಸ್ಪೋರ್ಟ್ಸ್ ಕಾರುಗಳಲ್ಲಿ ಬಾಯಿ ಚಿಕ್ಕದು, ಒಳಗೆ ಬಂದ ಗಾಳಿಯನ್ನು ರೇಡಿಯೇಟರ್ ಮೂಲಕವೇ ಹೋಗುವಂತೆ ಮಾಡುವುದು ಆ ಹಲಗೆ ಮತ್ತು ಅಕ್ಕಪಕ್ಕದ ಫೋಮ್ ಪಟ್ಟಿಗಳು. ನಮ್ಮ ಹಳ್ಳಿ ರಸ್ತೆಯ ಹಂಪ್‌ಗಳಿಗೆ ತಾಗಿ ಅದು ಮೊದಲು ಮುರಿಯುತ್ತದೆ, ಮತ್ತೆ ಯಾರೂ ಹಾಕಿಸುವುದಿಲ್ಲ. ಹಲಗೆ ಇಲ್ಲದ ಗಾಡಿಯಲ್ಲಿ ಗಾಳಿ ಸಂದಿಯಿಂದ ಜಾರಿ ಹೋಗುತ್ತದೆ, ನೂರರಲ್ಲಿ ಹೋದರೂ ರೇಡಿಯೇಟರ್‌ಗೆ ಸಿಗುವುದಿಲ್ಲ. ನಾನು ತೆಳು ಅಲ್ಯೂಮಿನಿಯಂ ಶೀಟ್ ಕತ್ತರಿಸಿ ಮಾಡಿಸಿಕೊಂಡೆ. ಹೈವೇಯಲ್ಲಿ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿಯಿತು.

ರೇಡಿಯೇಟರ್ ಹೊರಗೆ, ಒಳಗೆ

ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಾಗಿ ತೆನೆ, ಹುರುಳಿ ಬಳ್ಳಿ ರಸ್ತೆ ಮೇಲೆ ಹರಡಿರುತ್ತಾರೆ, ಗಾಡಿ ಚಕ್ರಕ್ಕೆ ಸಿಕ್ಕಿ ಒಕ್ಕಣೆ ಆಗಲಿ ಅಂತ. ಎತ್ತರದ ಗಾಡಿಗೆ ಪರವಾಗಿಲ್ಲ. ನಮ್ಮಂಥ ತಗ್ಗಿನ ಗಾಡಿಯ ಬಾಯಿಗೆ ಹೊಟ್ಟು ತುಂಬಿಕೊಳ್ಳುತ್ತದೆ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಹಾಸಿಗೆಯ ಹಾಗೆ ಕೂರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛವಾಗೇ ಕಾಣುತ್ತದೆ, ಮೇಲಿನ ಬೋಲ್ಟ್ ಬಿಚ್ಚಿ ರೇಡಿಯೇಟರ್ ಒಂದಿಷ್ಟು ಹಿಂದೆ ಬಾಗಿಸಿದರೆ ಮಾತ್ರ ಗೊತ್ತಾಗುತ್ತದೆ. ಇನ್ನೂ ಅಪಾಯದ ಮಾತು ಅಂದರೆ ಹುರುಳಿ ಬಳ್ಳಿ ಹೊಟ್ಟೆಯ ಕೆಳಗೆ ಸುತ್ತಿಕೊಂಡು ಬಿಸಿ ಎಕ್ಸಾಸ್ಟ್‌ಗೆ ತಾಗಿ ಬೆಂಕಿ ಹತ್ತಿಕೊಳ್ಳಬಹುದು. ಅಂಥ ರಸ್ತೆ ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಬಗ್ಗಿ ನೋಡಿ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಡಿ. ವಾಟರ್ ವಾಶ್‌ನ ಪ್ರೆಶರ್ ಗನ್ ಹಿಡಿದರೆ ಜಾಲರಿಯ ರೆಕ್ಕೆಗಳು ಮಡಚಿ ಹೋಗುತ್ತವೆ.

ಒಳಗೆ ಕಟ್ಟಿದೆಯಾ ನೋಡಲು ಥರ್ಮಾಮೀಟರ್ ಗನ್ ಬಳಸಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ, ಫ್ಯಾನ್ ಶುರುವಾಗುವ ಮುಂಚೆ ರೇಡಿಯೇಟರ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹಿಡಿಯಿರಿ. ನೀರು ಒಳಗೆ ಬರುವ ಕಡೆಯಿಂದ ಹೊರಗೆ ಹೋಗುವ ಕಡೆಗೆ ಶಾಖ ನಿಧಾನವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ಒಂದು ಜಾಗ ತಣ್ಣಗಿದ್ದರೆ ಅಲ್ಲಿ ನೀರೇ ಹರಿಯುತ್ತಿಲ್ಲ. ತಾಮ್ರ ಹಿತ್ತಾಳೆಯ ಹಳೇ ರೇಡಿಯೇಟರ್ ಆದರೆ ಟ್ಯಾಂಕ್ ಬಿಚ್ಚಿ ಟ್ಯೂಬುಗಳಲ್ಲಿ ಕಂಬಿ ಹಾಕಿ ಶುಚಿ ಮಾಡಿ ಮತ್ತೆ ಬೆಸುಗೆ ಹಾಕುವವರಿದ್ದಾರೆ, ಬೇಕಿದ್ದರೆ ನಿಮ್ಮ ಟ್ಯಾಂಕ್‌ಗೇ ಹೊಸ ಕೋರ್, ಅಂದರೆ ನಡುವಿನ ಟ್ಯೂಬು ಜಾಲರಿಯ ಭಾಗ, ಕೂರಿಸುತ್ತಾರೆ. ಆ ಕಾಲದ ಪಾರ್ಟ್ ಈಗ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಇದು ಒಳ್ಳೆಯ ದಾರಿ. ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನದಾದರೆ ರಿಪೇರಿಗೆ ದುಡ್ಡು ಹಾಕಬೇಡಿ. ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಯಾವತ್ತು ಬೇಕಾದರೂ ಸೀಳಬಹುದು. ಹಳೆಯದನ್ನು ಬಿಚ್ಚಿ, ಗಾಡಿ ಪಾರ್ಟ್‌ಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ತೆಗೆದುಕೊಂಡು ಹೋಗಿ, ಪಕ್ಕದಲ್ಲಿಟ್ಟು ಅಳತೆ ನೋಡಿ ತನ್ನಿ. ಫೋಟೋ ತೋರಿಸಿ ತಂದರೆ ಹೋಸ್ ಬಾಯಿ ಕೂರುವುದಿಲ್ಲ.

ಥರ್ಮೋಸ್ಟಾಟ್ ತೆಗೆಸಬೇಡಿ

‘ಸಾರ್, ವಾಲ್ವ್ ತೆಗೆದುಬಿಡೋಣ, ನಮ್ಮೂರ ಬಿಸಿಲಿಗೆ ಅದೆಲ್ಲ ಯಾಕೆ?’ ಮೆಕ್ಯಾನಿಕ್‌ಗಳ ಈ ಮಾತು ನಾನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ಅದನ್ನು ತೆಗೆದರೆ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ತಣ್ಣಗಿನ ಇಂಜಿನ್ ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಇನ್ನೊಂದು ಕೆಡುಕೂ ಇದೆ. ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗದ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತುತ್ತದೆ. ಹೀಟ್ ಕಮ್ಮಿ ಆಗಲಿ ಅಂತ ತೆಗೆದದ್ದು, ಆಗುವುದು ಜಾಸ್ತಿ.

ಅನುಮಾನ ಇದ್ದರೆ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿ. ಬೇಡದ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಥರ್ಮೋಸ್ಟಾಟ್ ಇಳಿಬಿಡಿ, ತಳಕ್ಕೆ ತಾಗಬಾರದು. ಜೊತೆಗೆ 110 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್ ಇಡಿ. ಥರ್ಮೋಸ್ಟಾಟ್ ಮೇಲೆ 82 ಅಂತಲೋ 88 ಅಂತಲೋ ಬರೆದಿರುತ್ತದೆ, ಆ ಶಾಖಕ್ಕೆ ಬಾಯಿ ಬಿಡಲು ಶುರು ಮಾಡಬೇಕು. ಪೂರ್ತಿ ತೆರೆಯಲು ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಜಾಸ್ತಿ ಬೇಕು. ಇಲ್ಲಿ ಎಚ್ಚರ. 88ರದ್ದು ಪೂರ್ತಿ ತೆರೆಯುವುದು ಸುಮಾರು 100ರಲ್ಲಿ, ನಮ್ಮೂರಲ್ಲಿ ನೀರು ಕುದಿಯುವುದೇ 97ಕ್ಕೆ. ಹಾಗಾಗಿ ಪೂರ್ತಿ ತೆರೆಯಲಿಲ್ಲ ಅಂತ ಒಳ್ಳೇ ಥರ್ಮೋಸ್ಟಾಟನ್ನು ಎಸೆಯಬೇಡಿ. ಸರಿಯಾದ ಶಾಖಕ್ಕೆ ಶುರುವಾಗಿ, ತಣ್ಣಗಾದಾಗ ಪೂರ್ತಿ ಮುಚ್ಚಿದರೆ ಅದು ಸರಿ ಇದೆ. ವಾಪಸ್ ಕೂರಿಸುವಾಗ ಪುಟ್ಟ ಗಾಳಿ ತೂತು ಇದ್ದರೆ ಅದು ಮೇಲ್ಗಡೆ ಬರಲಿ.

ಹೆಡ್ ಗ್ಯಾಸ್ಕೆಟ್

ಒಮ್ಮೆ ಚೆನ್ನಾಗಿ ಕುದಿದ ಗಾಡಿಯಲ್ಲಿ ಇದನ್ನು ನೋಡಲೇಬೇಕು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬೆಚ್ಚಗೂ ಆಗದಿರುವಾಗ, ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಬರುತ್ತಿದ್ದರೂ ಅದೇ ಮಾತು. ಖಚಿತ ಮಾಡಿಕೊಳ್ಳಲು ನೀಲಿ ದ್ರವದ ಪರೀಕ್ಷೆ ಇದೆ, ರೇಡಿಯೇಟರ್ ಬಾಯಿಯಿಂದ ಬರುವ ಗಾಳಿಯನ್ನು ಅದರ ಮೂಲಕ ಎಳೆದಾಗ ಬಣ್ಣ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಕ್ಯಾಪಿನ ಅಡಿಯಲ್ಲಿ ಬಿಳಿ ಕೆನೆ ಕಂಡ ತಕ್ಷಣ ಹೆದರಬೇಡಿ, ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಯಲ್ಲಿ ತೇವದಿಂದಲೂ ಅದು ಬರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್‌ನಲ್ಲೂ ಕಾಫಿ ಬಣ್ಣ ಕಂಡರೆ ಮಾತ್ರ ಸ್ಟಾರ್ಟ್ ಮಾಡದೆ ನಿಲ್ಲಿಸಿ. ಹೆಡ್ ಬಿಚ್ಚಿಸಿದರೆ ಲೇತ್‌ನಲ್ಲಿ ನೇರ ಇದೆಯಾ ಅಂತ ನೋಡಿಸದೆ ಹೊಸ ಗ್ಯಾಸ್ಕೆಟ್ ಹಾಕಿಸಬೇಡಿ. ಬಾಗಿದ ಹೆಡ್ ಮೇಲೆ ಎಷ್ಟು ಒಳ್ಳೇ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ.

ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು, ತಡವಾಗಿದ್ದರೂ ಹೀಟ್ ಆಗುತ್ತದೆ, ಡಿಸ್ಟ್ರಿಬ್ಯೂಟರ್ ಇರುವ ಗಾಡಿಗಳಲ್ಲಿ ವ್ಯಾಕ್ಯೂಮ್ ಡಯಾಫ್ರಾಮ್ ಹರಿದಿದೆಯಾ ಅಂತ ನೋಡಿಸಿ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಕಮ್ಮಿ ಸೆಟ್ ಮಾಡಿದ್ದರೂ ಹೀಗೇ. ಹಿಡಿದುಕೊಂಡ ಬ್ರೇಕ್, ಕಮ್ಮಿಯಾದ ಇಂಜಿನ್ ಆಯಿಲ್ ಕೂಡ ಲೆಕ್ಕಕ್ಕೆ ಬರುತ್ತವೆ.

ಬೆಟ್ಟದಲ್ಲಿ ಮುಳ್ಳು ಏರಿದರೆ

ಎಸಿ ಆಫ್. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ, ಕಿಟಕಿ ಎಲ್ಲ ಇಳಿಸಿ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್, ಬೆವರು ಸುರಿದರೂ ಇಂಜಿನ್ ಉಳಿಯುತ್ತದೆ. ಹೀಟರ್ ಹೋಸನ್ನು ಬೈಪಾಸ್ ಮಾಡಿಸಿದ್ದರೆ ವಾಪಸ್ ಹಾಕಿಸಿ, ಇದೊಂದು ಕಾರಣಕ್ಕಾದರೂ. ತಿರುವಿನಲ್ಲಿ ನಿಲ್ಲಿಸಬೇಡಿ, ಅಗಲ ಇರುವ ಕಡೆ, ನೆರಳಿದ್ದರೆ ನೆರಳಲ್ಲಿ ನಿಲ್ಲಿಸಿ. ಆವಿ ಬರುತ್ತಿಲ್ಲ, ನೀರು ಸೋರಿಲ್ಲ, ಮುಳ್ಳು ಕೆಂಪು ಮುಟ್ಟಿಲ್ಲ ಅಂದರೆ ಇಂಜಿನ್ ಆಫ್ ಮಾಡದೆ 1,500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿಯಿರಿ, ಪಂಪ್ ಮತ್ತು ಫ್ಯಾನ್ ಕೆಲಸ ಮಾಡಲಿ. ಆವಿ ಕಂಡರೆ, ಮುಳ್ಳು ಕೆಂಪಿಗೆ ಹೋದರೆ, ತಕ್ಷಣ ಆಫ್. ಇನ್ನೊಂದು ನೂರು ಮೀಟರ್ ಕೂಡ ಬೇಡ.

ಕ್ಯಾಪ್ ಮುಟ್ಟಬೇಡಿ. ಒಳಗೆ ನೂರಕ್ಕಿಂತ ಜಾಸ್ತಿ ಶಾಖದ ನೀರು ಒತ್ತಡದಲ್ಲಿ ಇದೆ, ತೆಗೆದ ಕ್ಷಣ ಆವಿಯಾಗಿ ಮುಖಕ್ಕೆ ಹಾರುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಬಿಡಿ. ಮೇಲಿನ ಹೋಸ್ ಹಿಚುಕಿದರೆ ಮೆತ್ತಗಿರಬೇಕು, ಆಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆಗೆಯಿರಿ. ಅವಸರಕ್ಕೆ ಕಾದ ಇಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಡಿಕ್ಕಿಯಲ್ಲಿ ನಾನು ಯಾವಾಗಲೂ ಐದು ಲೀಟರ್ ಡಿಸ್ಟಿಲ್ಡ್ ನೀರು, ಒಂದು ಲೀಟರ್ ಕೂಲೆಂಟ್, ಎರಡು ಹೋಸ್ ಕ್ಲಿಪ್, ಒಂದು ಫ್ಯೂಸ್ ಡಬ್ಬಿ, ಟಾರ್ಚ್ ಇಟ್ಟಿರುತ್ತೇನೆ.

ಎಲ್ಲ ಸರಿ ಇದ್ದು ಬೆಟ್ಟದ ಮೇಲೆ ತಲುಪಿದ ಮೇಲೂ ತಕ್ಷಣ ಆಫ್ ಮಾಡಬೇಡಿ, ಎರಡು ನಿಮಿಷ ನಿಧಾನಕ್ಕೆ ಓಡಲಿ. ಆಫ್ ಮಾಡಿದ ಮೇಲೆ ನೀರು ನಿಂತು, ಹೆಡ್‌ನ ಶಾಖ ಅದಕ್ಕೆ ಇಳಿದು ಮುಳ್ಳು ಸ್ವಲ್ಪ ಏರುತ್ತದೆ. ಅದು ಸಹಜ.

ತುಂಬುವ ಕ್ರಮ

ಹಳೇ ನೀರು ಇಳಿಸಿ, ಪೈಪಿನಿಂದ ಎಷ್ಟು ಬೇಕೋ ಅಷ್ಟು ತೊಳೆಯಿರಿ. ಈ ತೊಳೆಯುವುದಕ್ಕೆ ಬೋರ್ ನೀರು ಪರವಾಗಿಲ್ಲ, ಆದರೆ ಕೊನೆಗೆ ಎರಡು ಸಲ ಡಿಸ್ಟಿಲ್ಡ್ ನೀರು ತುಂಬಿ, ಇಂಜಿನ್ ಬಿಸಿ ಮಾಡಿ, ತಣ್ಣಗಾದ ಮೇಲೆ ಇಳಿಸಿ. ಒಳಗೆ ಸ್ವಲ್ಪ ನೀರು ಉಳಿದೇ ಇರುತ್ತದೆ, ಅದಕ್ಕೇ ಮೊದಲು ಅಳತೆಯ ಅರ್ಧದಷ್ಟು ಬರೀ ಕೂಲೆಂಟ್ ಹಾಕಿ, ಆಮೇಲೆ ನೀರು ಸೇರಿಸಿ. ಗಾಡಿಯ ಮೂತಿ ಎತ್ತರಕ್ಕೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಬಿಸಿಗೆ ಇಡಿ, ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಗಾಳಿ ಹೊರಗೆ ಬಿಡುವ ಏರ್ ಸ್ಕ್ರೂ ಇದ್ದರೆ ಸಡಿಲಿಸಿ. ಗುಳ್ಳೆ ಬರುತ್ತಾ ಮಟ್ಟ ಇಳಿಯುತ್ತದೆ, ಮೆಲ್ಲಗೆ ತುಂಬುತ್ತಾ ಹೋಗಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಕುಸಿಯುತ್ತದೆ, ಮತ್ತೆ ತುಂಬಿ. ಮೇಲಿನ ಹೋಸ್, ಹೀಟರ್ ಹೋಸ್ ಎಲ್ಲ ಬಿಸಿಯಾಗಿ, ಗುಳ್ಳೆ ನಿಂತು, ನೀರು ಬಾಯಿಯಲ್ಲಿ ಉಬ್ಬಲು ಶುರುವಾಗುವ ಮುಂಚೆ ಕ್ಯಾಪ್ ಹಾಕಿ. ಹಾಗಂತ ಅವತ್ತೇ ಬೆಟ್ಟಕ್ಕೆ ಹೊರಡಬೇಡಿ. ಊರೊಳಗೆ ಒಂದು ಸುತ್ತು ಹಾಕಿ, ರಾತ್ರಿ ಪೂರ್ತಿ ತಣ್ಣಗಾಗಲು ಬಿಟ್ಟು, ಬೆಳಗ್ಗೆ ರೇಡಿಯೇಟರಲ್ಲೂ ಬಾಟಲಿಯಲ್ಲೂ ಮಟ್ಟ ನೋಡಿ. ಒಂದು ವಾರ ಹೀಗೇ ನೋಡಿ.

ಇಳಿಸಿದ ಹಳೇ ಕೂಲೆಂಟನ್ನು ಚರಂಡಿಗೋ ಹೊಲದ ಬದಿಗೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ಬೀದಿ ನಾಯಿಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗಿ ಸಾಯುತ್ತವೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ಕೊಡಿ. ಅಲ್ಲಿಯವರೆಗೆ ಕ್ಯಾನ್ ಮೇಲೆ ‘ವಿಷ’ ಅಂತ ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.